ಪಂಜರದ ಗಿಳಿಯ ಸಲಾಮಿಗೆ ನಮ್ಮ ಉತ್ತರವೇನು?

ಜಗಲಿಯಲ್ಲಿ ತೂಗುಹಾಕಿದ ತಂತಿಯ ಪಂಜರ. ಒಳಗೊಂದು ಹಸಿರು ಗಿಳಿ. ಅತಿಥಿಗಳು ಹೊಸ್ತಿಲು ದಾಟುತ್ತಲೇ ಅದು ‘ಅಸ್ಸಲಾಮು ಅಲೈಕುಮ್’ ಎನ್ನುತ್ತದೆ. ಮನೆಯವರು ಹೆಮ್ಮೆಯಿಂದ ನಗುತ್ತಾರೆ. ಮಕ್ಕಳು ಹಸಿಮೆಣಸಿನಕಾಯಿ ತೋರಿಸಿ ‘ಬಿಸ್ಮಿಲ್ಲಾ’ ಹೇಳಿಸುತ್ತಾರೆ. ನಮ್ಮ ಪಟ್ಟಣಗಳ ಮುಸ್ಲಿಮ್ ಮನೆಗಳನ್ನು ಬಲ್ಲವರಿಗೆ ಈ ದೃಶ್ಯ ಹೊಸದೇನಲ್ಲ. ನಾವೂ ಅನೇಕ ಬಾರಿ ಇಂತಹ ಗಿಳಿಯ ಸಲಾಮಿಗೆ ನಗುತ್ತಲೇ ಉತ್ತರ ಕೊಟ್ಟವರು. ಆದರೆ ಸಲಾಮ್ ಎಂದರೇನು? ಶಾಂತಿಯ ಹಾರೈಕೆ. ನನ್ನ ಕಡೆಯಿಂದ ನಿಮಗೆ ಕೇಡು ತಟ್ಟದು ಎಂಬ ಭರವಸೆ. ಯಾವ ಜೀವಿಗೆ ನಾವು ಈ ಭರವಸೆಯನ್ನು ನಿರಾಕರಿಸಿದ್ದೇವೆಯೋ ಅದರ ಬಾಯಿಯಿಂದಲೇ ಈ ಪವಿತ್ರ ಮಾತನ್ನು ಹೇಳಿಸಿ ಖುಷಿಪಡುತ್ತಿದ್ದೇವಲ್ಲ, ಇದಕ್ಕಿಂತ ದೊಡ್ಡ ಅಣಕ ಬೇರೇನಿದೆ?

2013ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸಿಬಿಐಯನ್ನು ಪಂಜರದ ಗಿಳಿಗೆ ಹೋಲಿಸಿತು. ಆ ಮಾತು ದೇಶದ ಎಲ್ಲ ಪತ್ರಿಕೆಗಳ ಮುಖಪುಟಕ್ಕೆ ಬಂತು. ವಿರೋಧ ಪಕ್ಷದಲ್ಲಿದ್ದವರು ಅದನ್ನು ಎತ್ತಿಕೊಂಡು ಮೆರೆದರು. ಅಧಿಕಾರ ಕೈಬದಲಾದ ಮೇಲೆ ಅದೇ ಮಾತು ಅವರ ಕಡೆಗೂ ತಿರುಗಿತು. ಆ ಹೋಲಿಕೆಯ ಅರ್ಥವನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಂಜರದ ಗಿಳಿ ಎಂದರೆ ಸ್ವಂತ ದನಿಯನ್ನು ಕಳೆದುಕೊಂಡು ಒಡೆಯನ ಮಾತನ್ನೇ ಆಡುವ ಜೀವಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಸಂಸ್ಥೆಯೊಂದಕ್ಕೆ ಅವಮಾನವೆನಿಸುವ ಸ್ಥಿತಿಯನ್ನು ಜೀವಂತ ಹಕ್ಕಿಯೊಂದು ನಮ್ಮ ಜಗಲಿಯಲ್ಲಿ ವರ್ಷಗಟ್ಟಲೆ ಅನುಭವಿಸುತ್ತಿರುವಾಗ ಮಾತ್ರ ಅದು ನಮಗೆ ಅಲಂಕಾರವಾಗಿ ಕಾಣುತ್ತದೆ.

ಆ ಗಿಳಿ ಜಗಲಿಗೆ ಬಂದುದಾದರೂ ಹೇಗೆ? ಅದು ಪಂಜರದಲ್ಲಿ ಹುಟ್ಟಿದ್ದಲ್ಲ. ಮರದ ಪೊಟರೆಯಲ್ಲಿ ಇನ್ನೂ ಸರಿಯಾಗಿ ಗರಿ ಮೂಡದ ಮರಿಯಾಗಿದ್ದಾಗ ಯಾರೋ ಕೈಹಾಕಿ ಅದನ್ನು ಎಳೆದು ತೆಗೆದಿದ್ದಾರೆ. ಒಡಹುಟ್ಟಿದ ಮರಿಗಳ ಜೊತೆ ಬುಟ್ಟಿಗೆ ತುರುಕಿ ಊರೂರು ದಾಟಿಸಿದ್ದಾರೆ. ದಾರಿಯಲ್ಲಿ ಉಸಿರುಗಟ್ಟಿಯೋ ಹಸಿವಿನಿಂದಲೋ ಸತ್ತವುಗಳ ಲೆಕ್ಕ ಇಟ್ಟವರಿಲ್ಲ. ಬದುಕಿ ಉಳಿದದ್ದು ಹಾರಿಹೋಗಬಾರದೆಂದು ಅದರ ರೆಕ್ಕೆಯ ಗರಿ ಕತ್ತರಿಸಿದ್ದಾರೆ. ಇಷ್ಟೆಲ್ಲ ಆದ ಬಳಿಕ ನಾವು ಒಂದಿಷ್ಟು ರೂಪಾಯಿ ಕೊಟ್ಟು ಅದನ್ನು ಮನೆಗೆ ತಂದು, ಪೇರಳೆ ಹಣ್ಣು ತಿನ್ನಿಸಿ, ‘ಮಗುವಿನಂತೆ ಸಾಕಿದ್ದೇವೆ’ ಎನ್ನುತ್ತೇವೆ. ಬೇರೊಬ್ಬರ ಮಗುವನ್ನು ಕದ್ದು ತಂದು ಚೆನ್ನಾಗಿ ಸಾಕಿದರೆ ಕದ್ದದ್ದು ಇಲ್ಲವಾಗುತ್ತದೆಯೇ?

ಇದು ದೇಶದ ಕಾನೂನಿಗೂ ವಿರುದ್ಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 1990–91ರಿಂದಲೇ ನಮ್ಮ ನಾಡಿನ ಕಾಡುಹಕ್ಕಿಗಳ ವ್ಯಾಪಾರ ನಿಷಿದ್ಧ. ನಮ್ಮ ಊರ ಹಸಿರು ಗಿಳಿ, ಮುನಿಯ, ಮೈನಾ ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಇವುಗಳನ್ನು ಹಿಡಿಯುವುದು, ಮಾರುವುದು ಮಾತ್ರವಲ್ಲ, ಕೊಂಡು ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ದಂಡವೂ ಹೆಚ್ಚಿದೆ. ಆದರೂ ಲಕ್ನೋದ ನಖಾಸಿನಂತಹ ಹಳೆಯ ಪೇಟೆಗಳು ಹಕ್ಕಿ ವ್ಯಾಪಾರಕ್ಕೇ ಹೆಸರಾಗಿವೆ. ಹಿಡಿಯುವವರು ಬಹುತೇಕ ಕಡುಬಡವರು. ಬಿಹಾರದ ಮೀರ್‌ಶಿಕಾರ್ ಸಮುದಾಯದಂತೆ ತಲೆಮಾರುಗಳಿಂದ ಬಲೆ ಬೀಸುವುದನ್ನೇ ಕಸುಬಾಗಿಸಿಕೊಂಡ ಮುಸ್ಲಿಮರೂ ಅವರಲ್ಲಿದ್ದಾರೆ. ಪೊಲೀಸರ ಕೈಗೆ ಸಿಕ್ಕಿಬೀಳುವವರು ಇವರೇ. ಆದರೆ ಆ ಬಲೆಯ ಹಗ್ಗದ ಇನ್ನೊಂದು ತುದಿ ಇರುವುದು ಕೊಳ್ಳುವ ನಮ್ಮ ಕೈಯಲ್ಲಿ.

ಇಷ್ಟು ಹೇಳಿದ ಕೂಡಲೇ ನಮ್ಮ ನಡುವಿನ ಕೆಲವರು ಒಂದು ಹದೀಸನ್ನು ಮುಂದಿಡುತ್ತಾರೆ. ಹ. ಅನಸ್(ರ)ರವರ ಪುಟ್ಟ ತಮ್ಮ ಅಬೂ ಉಮೈರ್‌ನ ಬಳಿ ನುಘೈರ್ ಎಂಬ ಚಿಕ್ಕ ಹಕ್ಕಿಯಿತ್ತು. ಪ್ರವಾದಿ(ಸ) ಆ ಮಗುವಿನೊಡನೆ ವಿನೋದವಾಗಿ ಹಕ್ಕಿಯ ಬಗ್ಗೆ ವಿಚಾರಿಸಿದರು. ಹಕ್ಕಿ ಸಾಕುವುದು ತಪ್ಪಾಗಿದ್ದರೆ ಪ್ರವಾದಿ(ಸ) ಅಂದೇ ತಡೆಯುತ್ತಿರಲಿಲ್ಲವೇ ಎಂಬುದು ಇವರ ವಾದ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಈ ಹದೀಸನ್ನು ಮದ್ರಸದ ಹಲಗೆಯ ಮುಂದೆ ಕುಳಿತು ಕಲಿತವರು ನಾವು. ಇದೊಂದೇ ಹದೀಸಿನಿಂದ ಶಾಫಿಈ ವಿದ್ವಾಂಸ ಇಬ್ನುಲ್ ಖಾಸ್ಸ್ ಅರುವತ್ತು ಪಾಠಗಳನ್ನು ಹೆಕ್ಕಿ ಪ್ರತ್ಯೇಕ ಕಿರುಗ್ರಂಥವನ್ನೇ ಬರೆದಿದ್ದಾರೆ. ಮಗುವಿನೊಡನೆ ವಿನಯ, ಬಡವರ ಮನೆಗೆ ಭೇಟಿ, ದುಃಖಿತರ ಸಾಂತ್ವನ ಹೀಗೆ ಪಾಠಗಳು ಬೆಳೆಯುತ್ತವೆ. ನಮ್ಮವರು ಮಾತ್ರ ಅರುವತ್ತರಲ್ಲಿ ಒಂದನ್ನೇ ಹಿಡಿದುಕೊಂಡಿದ್ದಾರೆ. ಅದೂ ತಮ್ಮ ಪಂಜರಕ್ಕೆ ಅನುಕೂಲವಾದದ್ದನ್ನು.

ಅಷ್ಟಕ್ಕೂ ಆ ಹದೀಸಿನ ಹಿನ್ನೆಲೆಯೇನು? ಆ ಹಕ್ಕಿ ಸತ್ತುಹೋಗಿತ್ತು. ಮಗು ಮುಖ ಬಾಡಿಸಿಕೊಂಡು ಕುಳಿತಿತ್ತು. ಪ್ರವಾದಿ(ಸ) ಆಡಿದ ಮಾತು ಆ ಎಳೆಯ ಮನಸ್ಸನ್ನು ಸಂತೈಸುವುದಕ್ಕಾಗಿತ್ತು. ಪಂಜರದ ವ್ಯಾಪಾರಕ್ಕೆ ಪರವಾನಗಿ ನೀಡುವುದಕ್ಕಲ್ಲ. ಮಗುವಿಗೆ ಹಕ್ಕಿಯನ್ನು ಇಟ್ಟುಕೊಂಡು ಮನಸ್ಸು ಹಗುರಾಗಿಸಿಕೊಳ್ಳಲು ರಿಯಾಯಿತಿ ಇದೆಯೇ ಹೊರತು ಅದನ್ನು ಹಿಂಸಿಸಲು ಎಂದೂ ಅನುಮತಿ ಇರಲಿಲ್ಲ ಎಂದು ಇಮಾಮ್ ಕುರ್ತುಬಿ ಇದೇ ಹದೀಸಿನ ವಿವರಣೆಯಲ್ಲಿ ಸ್ಪಷ್ಟಪಡಿಸಿದ್ದಾರೆ. ಅನುಮತಿಯನ್ನು ಓದಿದವರು ಅದರ ಮೇರೆಯನ್ನೂ ಓದಬೇಕು.

ಕರ್ಮಶಾಸ್ತ್ರದ ಗ್ರಂಥಗಳು ಈ ಪ್ರಶ್ನೆಯನ್ನು ಕಡೆಗಣಿಸಿಲ್ಲ. ಹಾಡು ಕೇಳುವುದಕ್ಕಾಗಿ ಹಕ್ಕಿಗಳನ್ನು ಪಂಜರದಲ್ಲಿಡಬಹುದೇ ಎಂದು ಶಾಫಿಈ ವಿದ್ವಾಂಸ ಇಮಾಮ್ ಅಲ್ ಖಫ್ಫಾಲರನ್ನು ಕೇಳಲಾಯಿತು. ಒಡೆಯನು ಅದರ ಅಗತ್ಯಗಳನ್ನೆಲ್ಲ ಪೂರೈಸುವುದಾದರೆ ಆಗಬಹುದು, ಅದು ಕಟ್ಟಿಹಾಕಿದ ಜಾನುವಾರಿನಂತೆ ಎಂದು ಅವರು ಉತ್ತರಿಸಿದರು. ನಮ್ಮ ಕರಾವಳಿಯ ಬಹುಪಾಲು ಮುಸ್ಲಿಮರು ಶಾಫಿಈ ಮದ್‌ಹಬಿನವರಾದುದರಿಂದ ಈ ಫತ್ವಾ ಇಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಹನ್ಬಲೀ ಮದ್‌ಹಬಿನ ಇಬ್ನು ಅಖೀಲ್ ಹೇಳಿದ್ದು ಬೇರೆ. ಹಾಡುವ ಹಕ್ಕಿಗಳನ್ನು ಪಂಜರದಲ್ಲಿಡುವುದು ಅಗತ್ಯದ ಸಾಲಿಗೆ ಸೇರುವುದಿಲ್ಲ, ಅದು ಸೊಕ್ಕು ಮತ್ತು ಭೋಗದ ಸಾಲಿಗೆ ಸೇರಿದ್ದು, ಆ ಬಂಧನವೇ ಒಂದು ಹಿಂಸೆ ಎಂದು ಅವರು ಅದನ್ನು ಅಪ್ರಿಯವೆಂದು ಪರಿಗಣಿಸಿದರು. ಸಾವಿರ ವರ್ಷಗಳಷ್ಟು ಹಳೆಯ ಈ ಚರ್ಚೆಯನ್ನು ನಾವು ಮಕ್ಕಳಿಗೆ ಕಲಿಸಲೇ ಇಲ್ಲ.

ಭಿನ್ನಾಭಿಪ್ರಾಯವನ್ನು ನಾವು ಗೌರವಿಸುತ್ತೇವೆ. ಅನುಮತಿಸಿದ ಇಮಾಮರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ನಮ್ಮ ಪ್ರಶ್ನೆ ಇಷ್ಟೇ: ಅವರು ವಿಧಿಸಿದ ಶರತ್ತು ಪಾಲನೆಯಾಗುತ್ತಿದೆಯೇ? ಒಡೆಯನು ಹಕ್ಕಿಯ ಅಗತ್ಯಗಳನ್ನು ಪೂರೈಸಬೇಕು. ಹಕ್ಕಿಯ ಅಗತ್ಯವೆಂದರೆ ಕಾಳು ಮತ್ತು ನೀರು ಮಾತ್ರವೇ? ಎತ್ತನ್ನು ಕಟ್ಟಿದರೂ ಅದರ ನಾಲ್ಕು ಕಾಲುಗಳಿಗೆ ಕೆಲಸವಿದೆ, ಸಂಜೆ ಬಯಲಿದೆ. ಗಿಳಿಯ ರೆಕ್ಕೆಗೆ ಒಂದೂವರೆ ಅಡಿಯ ಪಂಜರದಲ್ಲಿ ಏನು ಕೆಲಸವಿದೆ? ಗಿಳಿ ಗುಂಪಿನಲ್ಲಿ ಬದುಕುವ ಹಕ್ಕಿ. ಸಂಜೆಯಾದರೆ ನೂರಾರು ಗಿಳಿಗಳು ಗದ್ದಲ ಮಾಡುತ್ತಾ ಒಂದೇ ಮರಕ್ಕೆ ಮರಳುತ್ತವೆ. ಅಂತಹ ಜೀವಿಯನ್ನು ಇಪ್ಪತ್ತು ವರ್ಷ ಒಂಟಿಯಾಗಿ ಕೂಡಿಹಾಕಿದಾಗ ಅದು ಮನುಷ್ಯರ ಮಾತನ್ನು ಕಲಿಯುತ್ತದೆ. ಮಾತಾಡಲು ತನ್ನವರು ಯಾರೂ ಇಲ್ಲದಾಗ ಅದಕ್ಕೆ ಉಳಿದ ದಾರಿ ಅದೊಂದೇ.

‘ಹೊಟ್ಟೆಗೆ ಕಡಿಮೆ ಮಾಡಿಲ್ಲ’ ಎಂಬ ಸಮರ್ಥನೆಯನ್ನು ಇತರರು ಹೇಳಿದರೂ ನಮ್ಮ ಸಮುದಾಯ ಹೇಳಬಾರದು. 2022ರ ಕೊನೆಯಲ್ಲಿ ಈ ದೇಶದ ಜೈಲುಗಳಲ್ಲಿದ್ದವರ ಪೈಕಿ ಸುಮಾರು ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳಾಗಿದ್ದರೆಂದು ಸರಕಾರದ ಅಂಕಿಅಂಶಗಳೇ ಹೇಳುತ್ತವೆ. ಅಪರಾಧ ಸಾಬೀತಾಗದೆ ವರ್ಷಗಳನ್ನು ಅಲ್ಲಿ ಕಳೆದು, ನಿರಪರಾಧಿಯೆಂದು ಹೊರಬಂದ ಯುವಕರ ಮನೆಗಳು ನಮ್ಮ ಸಮುದಾಯದಲ್ಲಿ ಎಷ್ಟಿಲ್ಲ? ಅವರಿಗೂ ಜೈಲಿನಲ್ಲಿ ಎರಡು ಹೊತ್ತಿನ ಊಟ ಸಿಗುತ್ತಿತ್ತು. ಊಟ ಸಿಕ್ಕಿತಲ್ಲ, ಇನ್ನೇನು ಬೇಕು ಎಂದು ಯಾರಾದರೂ ಆ ತಾಯಂದಿರಿಗೆ ಹೇಳಿದರೆ ನಾವು ಸಹಿಸುತ್ತೇವೆಯೇ? ಮನುಷ್ಯ ಮತ್ತು ಹಕ್ಕಿ ಸಮಾನವೆಂದು ನಾವು ವಾದಿಸುತ್ತಿಲ್ಲ. ಆದರೆ ಬಂಧನದ ನೋವನ್ನು ಬಲ್ಲವರು ಬಂಧನವನ್ನು ಅಲಂಕಾರವಾಗಿ ತೂಗುಹಾಕಬಾರದು.

ಬೆಕ್ಕನ್ನು ಕಟ್ಟಿಹಾಕಿ ಸಾಯಿಸಿದ ಸ್ತ್ರೀಯ ಹದೀಸು ಎಲ್ಲರಿಗೂ ಗೊತ್ತು. ಅವಳು ನರಕಕ್ಕೆ ಅರ್ಹಳಾದುದನ್ನು ತಿಳಿಸುವಾಗ ಪ್ರವಾದಿ(ಸ) ಎರಡು ತಪ್ಪುಗಳನ್ನು ಎತ್ತಿ ಹೇಳಿದರು. ಅವಳು ಅದಕ್ಕೆ ಆಹಾರ ನೀಡಲಿಲ್ಲ. ತಾನಾಗಿ ಹುಡುಕಿ ತಿನ್ನಲು ಬಿಡಲೂ ಇಲ್ಲ. ನಾವು ಮೊದಲನೆಯದನ್ನು ನೆನಪಿಟ್ಟು ಎರಡನೆಯದನ್ನು ಮರೆತೆವು. ತನ್ನ ಅನ್ನವನ್ನು ತಾನೇ ಹುಡುಕಿಕೊಳ್ಳುವುದು ಜೀವಿಯ ಸಹಜ ದಾರಿಯೆಂಬುದನ್ನು ಆ ಹದೀಸು ಗುರುತಿಸುತ್ತದೆ. ಬೆಳಿಗ್ಗೆ ಹಸಿದು ಹೊರಟು ಸಂಜೆ ಹೊಟ್ಟೆ ತುಂಬಿ ಮರಳುವ ಹಕ್ಕಿಯನ್ನು ಪ್ರವಾದಿ(ಸ) ಅಲ್ಲಾಹನ ಮೇಲಿನ ಭರವಸೆಗೆ ಮಾದರಿಯಾಗಿ ತೋರಿಸಿದರು. ಆ ಮಾದರಿಯನ್ನೇ ನಾವು ತಂತಿಯೊಳಗೆ ಕೂಡಿಹಾಕಿ ಬಟ್ಟಲಿಗೆ ಕಾಳು ಸುರಿಯುತ್ತಿದ್ದೇವೆ.

ಪವಿತ್ರ ಕುರ್‌ಆನ್ ಅಲ್ ಅನ್‌ಆಮ್ ಅಧ್ಯಾಯದ 38ನೇ ಸೂಕ್ತದಲ್ಲಿ ರೆಕ್ಕೆಗಳಿಂದ ಹಾರುವ ಹಕ್ಕಿಗಳನ್ನು ನಮ್ಮಂತೆಯೇ ಇರುವ ಸಮುದಾಯಗಳೆಂದು ಪರಿಚಯಿಸುತ್ತದೆ. ಹಕ್ಕಿಗಳಿಗೂ ಅದು ‘ಉಮ್ಮತ್’ ಎಂಬ ಶಬ್ದದ ಬಹುವಚನವನ್ನೇ ಬಳಸಿದೆ. ಅನ್ನೂರ್ ಅಧ್ಯಾಯದ 41ನೇ ಸೂಕ್ತವು ರೆಕ್ಕೆ ಚಾಚಿದ ಹಕ್ಕಿಗಳೂ ಅಲ್ಲಾಹನನ್ನು ಸ್ತುತಿಸುತ್ತಿವೆ ಎನ್ನುತ್ತದೆ. ಗಮನಿಸಬೇಕಾದುದು ರೆಕ್ಕೆ ಚಾಚಿದ ಆ ಸ್ಥಿತಿಯನ್ನು. ಅದಕ್ಕೆ ತನ್ನದೇ ಆದ ಸ್ತುತಿಯಿದೆ. ನಾವು ಬಿಸ್ಮಿಲ್ಲಾ ಕಲಿಸುವವರೆಗೆ ಅದು ಕಾಯುತ್ತಿರಲಿಲ್ಲ. ರೆಕ್ಕೆ ಕತ್ತರಿಸಿ ಬಿಸ್ಮಿಲ್ಲಾ ಕಲಿಸುವವರು ಪ್ರಭು ಕೊಟ್ಟ ಸ್ತುತಿಯನ್ನು ಕಿತ್ತುಕೊಂಡು ತಮ್ಮ ಗಿಳಿಪಾಠವನ್ನು ಅದರ ಬಾಯಿಗೆ ತುರುಕಿದ್ದಾರೆ.

ಅಬೂದಾವೂದ್ ವರದಿ ಮಾಡಿರುವ ಇನ್ನೊಂದು ಘಟನೆಯಿದೆ. ಪ್ರಯಾಣವೊಂದರಲ್ಲಿ ಸಹಾಬಿಗಳು ಹಕ್ಕಿಯೊಂದರ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಅವರ ಮೇಲೆ ಸುತ್ತತೊಡಗಿತು. ಹ. ಅಬ್ದುಲ್ಲಾ ಬಿನ್ ಮಸ್‌ಊದ್(ರ) ಹೇಳುವಂತೆ, ಮರಳಿ ಬಂದ ಪ್ರವಾದಿ(ಸ) ಅದನ್ನು ಕಂಡವರೇ, ಮರಿಗಳ ವಿಷಯದಲ್ಲಿ ಈ ತಾಯಿಯನ್ನು ಸಂಕಟಕ್ಕೀಡುಮಾಡಿದವರು ಯಾರೆಂದು ಕೇಳಿದರು. ಮರಿಗಳನ್ನು ಹಿಂದಿರುಗಿಸುವಂತೆ ಆಜ್ಞಾಪಿಸಿದರು. ಪೊಟರೆಯಿಂದ ಗಿಳಿಮರಿ ತೆಗೆಯುವ ವ್ಯಾಪಾರದ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ತೀರ್ಪು ಬೇಕೇ? ನುಘೈರ್‌ನ ಹದೀಸನ್ನು ಬಾಯಿಪಾಠ ಮಾಡಿದವರಿಗೆ ಈ ಹದೀಸು ಏಕೆ ನೆನಪಾಗುವುದಿಲ್ಲ?

ಹಾಗಾದರೆ ಬಿಟ್ಟುಬಿಡೋಣ ಎಂದು ಹೊರಡುವವರಿದ್ದಾರೆ. ಇಲ್ಲಿಯೂ ನಮ್ಮ ಸಮಾಜ ಎಡವಿದೆ. ಮನೆಯಲ್ಲಿ ಕಾಯಿಲೆ ಬಂದಾಗ, ಆಪತ್ತು ತಪ್ಪಿದಾಗ ಸದಖಾದ ಹೆಸರಿನಲ್ಲಿ ಹಕ್ಕಿಗಳನ್ನು ಕೊಂಡು ಹಾರಿಬಿಡುವ ರೂಢಿ ಉಪಖಂಡದ ಮುಸ್ಲಿಮರಲ್ಲಿದೆ. ಲಾಹೋರ್ ಮತ್ತು ಕರಾಚಿಯ ರಸ್ತೆಗಳಲ್ಲಿ ಗುಬ್ಬಚ್ಚಿ, ಮುನಿಯಗಳನ್ನು ಬಲೆಯ ಬುಟ್ಟಿಯಲ್ಲಿ ಹಿಡಿದುಕೊಂಡು ಇದಕ್ಕೆಂದೇ ನಿಂತಿರುತ್ತಾರೆ. ಥಾಯ್ಲೆಂಡ್, ಕಾಂಬೋಡಿಯಾಗಳ ಬೌದ್ಧ ಮಂದಿರಗಳ ಮುಂದೆಯೂ ಇದೇ ವ್ಯಾಪಾರವಿದೆ. ಕಾಸು ಕೊಡುತ್ತೇವೆ, ಬುಟ್ಟಿಯ ಬಾಯಿ ತೆರೆಯುತ್ತದೆ, ಹಕ್ಕಿ ಹಾರುತ್ತದೆ, ಮನಸ್ಸಿಗೆ ನೆಮ್ಮದಿ. ಆದರೆ ನಾಲ್ಕು ಹಕ್ಕಿ ಬಿಟ್ಟವನು ನಿಜವಾಗಿ ಮಾಡಿದ್ದೇನು? ನಾಳೆಗೆ ಇನ್ನೂ ನಾಲ್ಕನ್ನು ಹಿಡಿದು ತರುವಂತೆ ಬಲೆಗಾರನಿಗೆ ಮುಂಗಡ ಕೊಟ್ಟಂತಾಯಿತು. ಬುಟ್ಟಿಯೊಳಗೆ ಬಳಲಿದ ಹಕ್ಕಿ ನೂರು ಗಜ ಹಾರಿ ಎಲ್ಲೋ ಬಿದ್ದು ಕಾಗೆಯ ಪಾಲಾಗಬಹುದು, ಇಲ್ಲವೇ ಮತ್ತೆ ಅದೇ ಬಲೆಗೆ ಬೀಳಬಹುದು. ಬಿಡುಗಡೆಗಾಗಿಯೇ ಬಂಧಿಸಲ್ಪಟ್ಟ ಹಕ್ಕಿಯನ್ನು ಬಿಡುಗಡೆಗೊಳಿಸುವುದರಲ್ಲಿ ಪುಣ್ಯವೆಲ್ಲಿದೆ?

ಬೇಟೆಗಾರನಿಂದ ಗುಬ್ಬಚ್ಚಿಗಳನ್ನು ಕೊಂಡು ಬಿಡುವ ವಿಷಯ ಹನಫೀ ಗ್ರಂಥಗಳಲ್ಲಿಯೂ ಬಂದಿದೆ. ಹಿಡಿದವರಿಗೆ ಅದು ಸೇರಲಿ ಎಂದು ಹೇಳಿ ಬಿಟ್ಟರೆ ಆಗಬಹುದು ಎಂಬ ಶರತ್ತನ್ನು ಆ ವಿದ್ವಾಂಸರು ಇಟ್ಟಿದ್ದರು. ಸೊತ್ತು ವ್ಯರ್ಥವಾಗಬಾರದೆಂಬ ಕಾಳಜಿ ಅವರದಾಗಿತ್ತು. ಇಂದು ವ್ಯರ್ಥವಾಗುತ್ತಿರುವುದು ಸೊತ್ತು ಮಾತ್ರವಲ್ಲ, ಜೀವ. ಅದೂ ಸದಖಾದ ಹೆಸರಿನಲ್ಲಿ. ಹಕ್ಕಿಯ ಹಾಡಿಗೆ ಹಣ ಕೊಡುವವನೂ ಅದರ ಬಿಡುಗಡೆಗೆ ಹಣ ಕೊಡುವವನೂ ಬಲೆಗಾರನ ಪಾಲಿಗೆ ಸಮಾನ ಗಿರಾಕಿಗಳು. ಒಬ್ಬನು ಭೋಗಕ್ಕಾಗಿ ಕೊಳ್ಳುತ್ತಾನೆ, ಇನ್ನೊಬ್ಬನು ಪುಣ್ಯಕ್ಕಾಗಿ ಕೊಳ್ಳುತ್ತಾನೆ. ಪೊಟರೆ ಬರಿದಾಗುವುದು ಇಬ್ಬರಿಂದಲೂ.

ಇನ್ನು ‘ಲವ್ ಬರ್ಡ್ಸ್’ ಎಂದು ನಮ್ಮ ಪೇಟೆಗಳಲ್ಲಿ ಜೋಡಿಯಾಗಿ ಮಾರುವ ಬಣ್ಣಬಣ್ಣದ ಹಕ್ಕಿಗಳ ವಿಚಾರ. ಇವುಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯಾ ಮೂಲದ ಬಜರಿಗಾರ್‌ಗಳು. ಅಲ್ಲಿನ ಒಣಪ್ರದೇಶಗಳಲ್ಲಿ ನೀರು ಹುಡುಕುತ್ತಾ ಸಾವಿರಾರು ಹಕ್ಕಿಗಳ ಹಿಂಡಾಗಿ ಬಹುದೂರ ಹಾರುವ ಜಾತಿಯಿದು. ನಮ್ಮಲ್ಲಿರುವವು ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿದವು. ನಮ್ಮ ಈ ಬರಹವನ್ನೋದಿ ಯಾರಾದರೂ ಆವೇಶದಿಂದ ಅವುಗಳನ್ನು ಹಾರಿಬಿಟ್ಟರೆ ಅದು ದಯೆಯಾಗದು. ಆಹಾರ ಹುಡುಕಲು ಅರಿಯದ ಅವು ಎರಡು ದಿನವೂ ಬದುಕಲಿಕ್ಕಿಲ್ಲ. ಅಂತಹವುಗಳನ್ನು ಈಗಾಗಲೇ ಸಾಕಿದವರು ವಿಶಾಲವಾದ ಗೂಡು ಮಾಡಿಕೊಟ್ಟು, ಒಂಟಿಯಾಗಿಡದೆ, ಕೊನೆಯವರೆಗೆ ಚೆನ್ನಾಗಿ ನೋಡಿಕೊಳ್ಳಲಿ. ಇಮಾಮ್ ಖಫ್ಫಾಲರ ಶರತ್ತು ಅನ್ವಯಿಸುವುದು ಇಲ್ಲಿಯೇ. ಆದರೆ ಹೊಸದಾಗಿ ಕೊಳ್ಳದಿರಲಿ. ಬಿಡುಗಡೆ ಎಂಬುದು ಪಂಜರದ ಬಾಗಿಲಿನಲ್ಲಿ ಆರಂಭವಾಗುವುದಲ್ಲ, ಅಂಗಡಿಯ ಬಾಗಿಲಿನಲ್ಲಿ ಆರಂಭವಾಗುವುದು.

ನ್ಯಾಯಾಲಯಗಳಲ್ಲಿಯೂ ಈ ಚರ್ಚೆ ನಡೆದಿದೆ. 2011ರಲ್ಲಿ ಗುಜರಾತ್ ಹೈಕೋರ್ಟು ಹಕ್ಕಿಗಳಿಗೆ ಆಗಸದಲ್ಲಿ ಸ್ವತಂತ್ರವಾಗಿ ಹಾರುವ ಹಕ್ಕಿದೆಯೆಂದಿತು. 2015ರ ಮೇ ತಿಂಗಳಲ್ಲಿ ದಿಲ್ಲಿ ಹೈಕೋರ್ಟು ಅದೇ ನಿಲುವನ್ನು ತಳೆಯಿತು. 2023ರ ಮೇ ತಿಂಗಳಲ್ಲಿ ಜಲ್ಲಿಕಟ್ಟು ಪ್ರಕರಣದ ತೀರ್ಪು ನೀಡಿದ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವಾದರೋ, ಪ್ರಾಣಿಗಳಿಗೆ ಮೂಲಭೂತ ಹಕ್ಕುಗಳಿವೆಯೆಂಬುದನ್ನು ಒಪ್ಪಲಿಲ್ಲ. ಹಕ್ಕಿಗೆ ಸಂವಿಧಾನದ ಹಕ್ಕು ಇದೆಯೋ ಇಲ್ಲವೋ ಎಂಬುದನ್ನು ನ್ಯಾಯವಾದಿಗಳು ವಾದಿಸಲಿ. ವಿಶ್ವಾಸಿಯ ಪ್ರಶ್ನೆ ಅದಲ್ಲ. ಬೆಕ್ಕಿಗೆ ಯಾವ ನ್ಯಾಯಾಲಯದಲ್ಲಿಯೂ ವಕೀಲರಿರಲಿಲ್ಲ. ಆದರೂ ಅದರ ಪ್ರಕರಣ ಪರಲೋಕದಲ್ಲಿ ದಾಖಲಾಯಿತು.

‘ಕುರ್ಬಾನಿ ಕೊಡುವವರು, ಕೋಳಿ ತಿನ್ನುವವರು ಗಿಳಿಗಾಗಿ ಮರುಗುವುದೇ?’ ಎಂದು ಕೆಲವರು ಕೇಳಬಹುದು. ಇಸ್ಲಾಮ್ ಅಗತ್ಯವನ್ನು ಅಂಗೀಕರಿಸಿ ಅದಕ್ಕೆ ನಿಯಮ ಹಾಕಿದೆ: ಚೂರಿ ಹರಿತವಾಗಿರಬೇಕು, ಪ್ರಾಣಿಗೆ ನೋವು ಕಡಿಮೆಯಾಗಬೇಕು. ಆಹಾರ ಒಂದು ಅಗತ್ಯ; ವಿನೋದಕ್ಕಾಗಿ ಜೀವಿಯೊಂದನ್ನು ಜೀವಾವಧಿ ಕೂಡಿಡುವುದು ಯಾವ ಅಗತ್ಯ? ಕೋಳಿಗಳನ್ನು ರೆಕ್ಕೆ ಬಿಚ್ಚಲೂ ಆಗದಷ್ಟು ಇಕ್ಕಟ್ಟಿನಲ್ಲಿ ತುಂಬಿಡುವುದೂ ಇದೇ ನಿಯಮದಡಿ ಪ್ರಶ್ನಾರ್ಹವೇ ಎಂಬುದನ್ನು ನಾವು ಮುಚ್ಚಿಡುವುದಿಲ್ಲ. ಪ್ರತಿ ಬಕ್ರೀದಿಗೆ ನಮ್ಮ ಮೇಲೆ ಪ್ರಾಣಿದಯೆಯ ಉಪದೇಶ ಸುರಿಯುತ್ತದೆ. ದನದ ಹೆಸರಿನಲ್ಲಿ ಮನುಷ್ಯರನ್ನು ಹೊಡೆದು ಕೊಂದ ಉದಾಹರಣೆಗಳೂ ನಮ್ಮ ಮುಂದಿವೆ. ಆ ದಯೆ ಎಷ್ಟು ಆಯ್ದುಕೊಂಡದ್ದು, ಎಷ್ಟು ರಾಜಕೀಯದ್ದು ಎಂಬುದನ್ನು ಈ ಅಂಕಣ ಹೇಳುತ್ತಲೇ ಬಂದಿದೆ. ಆದರೆ ಇತರರ ದಯೆ ಸುಳ್ಳಾಗಿದೆಯೆಂಬುದು ನಮ್ಮ ನಿರ್ದಯೆಗೆ ಸಬೂಬಾಗದು. ‘ಲೋಕಾನುಗ್ರಹಿ’ ಪ್ರವಾದಿಯ(ಸ) ಅನುಯಾಯಿಗಳು ಪ್ರಾಣಿದಯೆಯನ್ನು ಬೇರೆಯವರಿಂದ ಕೇಳಿಸಿಕೊಳ್ಳುವ ಸ್ಥಿತಿ ಬಂದುದೇ ಒಂದು ಸೋಲು.

ಸಮುದಾಯಕ್ಕೆ ಇದಕ್ಕಿಂತ ದೊಡ್ಡ ಸಮಸ್ಯೆಗಳಿಲ್ಲವೇ? ಖಂಡಿತ ಇವೆ. ಶಿಕ್ಷಣವಿದೆ, ಉದ್ಯೋಗವಿದೆ, ಭದ್ರತೆಯಿದೆ. ಆದರೆ ಜಗಲಿಯ ಪಂಜರದ ಮುಂದೆ ನಿಂತ ನಮ್ಮ ಮಗು ಏನನ್ನು ಕಲಿಯುತ್ತಿದೆ? ಬಲವಿದ್ದವನು ದುರ್ಬಲನನ್ನು ತನ್ನ ಸಂತೋಷಕ್ಕಾಗಿ ಕೂಡಿಡಬಹುದು, ಹೊಟ್ಟೆಗೆ ಹಾಕಿದರೆ ಸಾಕು ಎಂಬ ಪಾಠವನ್ನು. ನಾಳೆ ಆ ಮಗು ಗಂಡನಾದಾಗ, ಧಣಿಯಾದಾಗ, ಅಧಿಕಾರಿಯಾದಾಗ ಆ ಪಾಠವನ್ನು ಮರೆಯುತ್ತದೆಯೇ? ‘ಊಟ, ಬಟ್ಟೆ ಎಲ್ಲ ಕೊಟ್ಟಿದ್ದೇನಲ್ಲ, ಇನ್ನೇನು ಬೇಕು’ ಎಂಬ ಮಾತು ನಮ್ಮ ಮನೆಗಳಲ್ಲಿ ಹಕ್ಕಿಗೆ ಮಾತ್ರ ಹೇಳುವ ಮಾತಲ್ಲ ಎಂಬುದನ್ನು ನಮ್ಮ ಸಹೋದರಿಯರು ಬಲ್ಲರು.

ಮಗುವಿನ ಕುತೂಹಲಕ್ಕೆ ಬೇರೆ ದಾರಿಯೂ ಇದೆ. 1908ರ ಸುಮಾರಿಗೆ ಮುಂಬಯಿಯ ಮುಸ್ಲಿಮ್ ಮನೆಯೊಂದರ ಹುಡುಗ ಏರ್‌ಗನ್ನಿನಿಂದ ಗುಬ್ಬಚ್ಚಿಯೊಂದನ್ನು ಹೊಡೆದುರುಳಿಸಿದ. ಕತ್ತಿನಲ್ಲಿ ಹಳದಿ ಗುರುತು ಕಂಡು ಇದು ಯಾವ ಜಾತಿಯೆಂದು ಮಾವನನ್ನು ಕೇಳಿದ. ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಆ ಹುಡುಗನೇ ಮುಂದೆ ಜಗತ್ತು ಗೌರವಿಸಿದ ಪಕ್ಷಿತಜ್ಞ ಸಲೀಂ ಅಲಿ. ಒಂದು ಪ್ರಶ್ನೆಗೆ ಹಿರಿಯರು ಸರಿಯಾದ ಬಾಗಿಲು ತೋರಿಸಿದ್ದರಿಂದ ಹೊಡೆಯುವ ಕೈ ಬರೆಯುವ ಕೈಯಾಯಿತು. ನಮ್ಮ ಮಕ್ಕಳಿಗೆ ಪಂಜರದ ಬದಲು ಹಕ್ಕಿಗಳ ಪುಸ್ತಕವೊಂದನ್ನು ಈದ್ ಉಡುಗೊರೆಯಾಗಿ ಕೊಡಲು ನಮಗೇನು ಅಡ್ಡಿ?

ಆದುದರಿಂದ ನಮ್ಮ ಕೋರಿಕೆ ಇಷ್ಟು. ಮನೆಯಲ್ಲಿ ನಮ್ಮ ನಾಡಿನ ಗಿಳಿಯೋ ಮೈನಾವೋ ಇದ್ದರೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಒಪ್ಪಿಸಿ. ರೆಕ್ಕೆ ಬಲಿತಿದೆಯೇ, ಹಾರಬಲ್ಲದೇ ಎಂಬುದನ್ನು ಬಲ್ಲವರು ನಿರ್ಧರಿಸಲಿ. ಸದಖಾಕ್ಕಾಗಿ ಹಕ್ಕಿಯನ್ನು ಕೊಳ್ಳಬೇಡಿ. ಖತೀಬರು ಒಂದು ಜುಮಾದಲ್ಲಾದರೂ ಮರಿಗಳನ್ನು ಮರಳಿಸಿದ ಆ ಹದೀಸನ್ನು ವಿವರಿಸಲಿ. ಹಕ್ಕಿಗೆ ಸದಖಾ ಕೊಡುವ ಬಗೆಯನ್ನು ಪ್ರವಾದಿ(ಸ) ನಮಗೆ ಕಲಿಸಿಯೇ ಇದ್ದಾರೆ. ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯನೋ ಪ್ರಾಣಿಯೋ ಹಕ್ಕಿಯೋ ತಿಂದರೆ ಅದು ಅವನ ಪಾಲಿಗೆ ಸದಖಾ ಎಂದು ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಮಸೀದಿಯ ಅಂಗಳದಲ್ಲಿ, ಕಬರಸ್ಥಾನದ ಬೇಲಿಯಲ್ಲಿ ಪೇರಳೆ, ನೇರಳೆ, ಅತ್ತಿಯ ಗಿಡ ನೆಡಲು ಎಷ್ಟು ಖರ್ಚಾದೀತು?

ಆ ಮರ ಹಣ್ಣು ಬಿಟ್ಟಾಗ ಗಿಳಿಗಳು ತಾವಾಗಿ ಬರುತ್ತವೆ. ಅವು ನಮಗೆ ಸಲಾಮ್ ಹೇಳಲಿಕ್ಕಿಲ್ಲ. ತಿಂದು, ಚೀರಾಡಿ, ತಮ್ಮ ಪಾಡಿಗೆ ಹಾರಿಹೋಗುತ್ತವೆ. ನಮ್ಮಿಂದ ಅವುಗಳಿಗೆ ಕೇಡು ತಟ್ಟದಿದ್ದರೆ ಸಲಾಮಿಗೆ ಉತ್ತರ ಕೊಟ್ಟಂತೆಯೇ ಆಯಿತು.